ನೆಲದ ಮೇಲೆ ಹಾರಾಟ ಕಲಿಸಿದ ಎಡ್ವಿನ್ ಲಿಂಕ್

ರಜೆಯ ದಿನಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಯುದ್ಧವಿಮಾನ ಹಾರಿಸುವ ಆಟವನ್ನು ಆಡದ ವಿದ್ಯಾರ್ಥಿಗಳು ಇಂದು ನಮ್ಮ ಹೈದರಾಬಾದಿನಲ್ಲಿ ವಿರಳವೆನ್ನಬೇಕು. ಆಟವನ್ನು ಸುಲಭದ ಕ್ರಮದಲ್ಲಿ ಇಟ್ಟುಕೊಂಡರೆ ಕೋಲನ್ನು ಎಷ್ಟು ಬಲವಾಗಿ ಎಳೆದರೂ ವಿಮಾನವು ಹೇಳಿದಂತೆ ಕೇಳುತ್ತದೆ. ಗಿರ್ರನೆ ತಿರುಗಿ ಶತ್ರುವಿನ ಬೆನ್ನು ಹಿಡಿಯುತ್ತದೆ. ಅದನ್ನೇ ಕಠಿಣದ ಕ್ರಮಕ್ಕೆ ತಿರುಗಿಸಿದೊಡನೆ ವಿಮಾನದ ಸ್ವಭಾವವೇ ಬೇರೆಯಾಗುತ್ತದೆ. ಮೊದಲಿನಂತೆ ಕೋಲನ್ನೆಳೆದರೆ ಅದು ನಡುಗುತ್ತದೆ, ಒಂದು ರೆಕ್ಕೆಯನ್ನು ಕೆಳಗೆ ಚೆಲ್ಲಿ ಬುಗುರಿಯಂತೆ ಸುತ್ತುತ್ತ ನೆಲಕ್ಕೆ ಬೀಳುತ್ತದೆ. ಆಟವೇ ಕೆಟ್ಟಿದೆಯೆಂದು ನಾವು ಮುನಿಯುತ್ತೇವೆ. ಆದರೆ ಕೆಟ್ಟಿರುವುದು ಆಟವಲ್ಲ. ಅಲ್ಲಿ ಗಾಳಿಯ ನಿಯಮವು ಮೊದಲ ಬಾರಿಗೆ ತನ್ನ ನಿಜಸ್ವರೂಪವನ್ನು ತೋರಿಸಿರುತ್ತದೆ.

ನಮ್ಮನ್ನು ಮೆಚ್ಚಿಸುವ ಅನುಕರಣೆ ಒಳ್ಳೆಯದೋ, ನಮ್ಮ ತಪ್ಪಿಗೆ ನಮ್ಮನ್ನು ಬೀಳಿಸುವ ಅನುಕರಣೆ ಒಳ್ಳೆಯದೋ? ಆಟದ ಮನೆಯಲ್ಲಿ ಇದು ಚಿಕ್ಕ ಪ್ರಶ್ನೆ. ವೈಮಾನಿಕನಾಗಲು ಹೊರಟವನಿಗೆ ಇದು ಪ್ರಾಣದ ಪ್ರಶ್ನೆ. ಈ ಪ್ರಶ್ನೆಯನ್ನು ಹಿಡಿದು ಬಾಳಿನ ಬಹುಭಾಗವನ್ನು ಕಳೆದ ಒಬ್ಬ ಶಿಲ್ಪಿಯ ಕಥೆಯಿದು. ಅವನ ಹೆಸರು ಎಡ್ವಿನ್ ಆಲ್ಬರ್ಟ್ ಲಿಂಕ್.

ಲಿಂಕನು 1904ನೆಯ ಇಸವಿ ಜುಲೈ 26ರಂದು ಅಮೆರಿಕದ ಇಂಡಿಯಾನಾ ಸಂಸ್ಥಾನದ ಹಂಟಿಂಗ್ಟನ್ ಎಂಬ ಊರಿನಲ್ಲಿ ಹುಟ್ಟಿದನು. ಅವನು ಇನ್ನೂ ಬಾಲಕನಾಗಿದ್ದಾಗಲೇ ತಂದೆಯು ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ನಗರಕ್ಕೆ ಬಂದು ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯನ್ನು ನಡೆಸತೊಡಗಿದನು. ಆರ್ಗನ್ ಎಂದರೆ ನಮ್ಮ ಹಾರ್ಮೋನಿಯಮ್ಮಿನ ಹಿರಿಯಣ್ಣನೆನ್ನಬಹುದು. ಎರಡಕ್ಕೂ ಉಸಿರು ಕೊಡುವುದು ತಿದಿಯೇ. ಹಾರ್ಮೋನಿಯಮ್ಮಿನ ತಿದಿಯನ್ನು ಒಂದು ಕೈ ಒತ್ತುತ್ತದೆ. ಚಿತ್ರಮಂದಿರಗಳಲ್ಲಿ ನುಡಿಸುತ್ತಿದ್ದ ದೊಡ್ಡ ಆರ್ಗನ್ನುಗಳಲ್ಲಿ ಹಲವಾರು ತಿದಿಗಳು, ನೂರಾರು ಕೊಳವೆಗಳು, ಅವುಗಳ ಬಾಯಿ ತೆರೆದು ಮುಚ್ಚುವ ಕವಾಟಗಳು ಇರುತ್ತಿದ್ದವು. ಬೆರಳು ಮಣೆಯ ಮೇಲೆ ಮೆಲ್ಲನೆ ಬಿದ್ದರೂ ದೂರದ ಕೊಳವೆಯಲ್ಲಿ ತಕ್ಕ ಸ್ವರವು ಏಳಬೇಕು. ಗಾಳಿಯನ್ನು ಹೀಗೆ ಅಳತೆಗೆ ತಕ್ಕಂತೆ ದುಡಿಸುವ ವಿದ್ಯೆಯನ್ನು ಎಡ್ವಿನನು ಎಳವೆಯಲ್ಲಿಯೇ ಕೈಗೂಡಿಸಿಕೊಂಡನು. ಶಾಲೆಯ ಓದಿಗಿಂತ ಕಾರ್ಖಾನೆಯ ಕೆಲಸವೇ ಅವನಿಗೆ ಹೆಚ್ಚು ಪ್ರಿಯವಾಗಿತ್ತು.

1920ರಲ್ಲಿ, ಹದಿನಾರರ ವಯಸ್ಸಿನ ಆಸುಪಾಸಿನಲ್ಲಿ, ಅವನ ಬಾಳಿನ ದಿಕ್ಕನ್ನು ಬದಲಿಸಿದ ಘಟನೆಯೊಂದು ನಡೆಯಿತು. ಹೆಸರಾಂತ ನಟ ಚಾರ್ಲಿ ಚಾಪ್ಲಿನ್ನನ ಅಣ್ಣನಾದ ಸಿಡ್ನಿ ಚಾಪ್ಲಿನ್ನನ ವಿಮಾನ ಮೈದಾನದಲ್ಲಿ ಲಿಂಕನು 50 ಡಾಲರುಗಳನ್ನು ತೆತ್ತು ಮೊದಲ ಹಾರಾಟದ ಪಾಠಕ್ಕೆ ಕುಳಿತನು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ವಿಮಾನವು ಮೇಲೇರಿತು, ಮಗುಚಿತು, ಸುತ್ತಿತು, ಮನೆಗಳ ಮಾಡನ್ನು ಸವರುವಂತೆ ಹಾರಿತು. ಕೊನೆಗೆ ನೆಲಕ್ಕಿಳಿದಾಗ ಲಿಂಕನಿಗೆ ಹೊಳೆದುದು ಒಂದೇ: ಅಷ್ಟು ಹೊತ್ತಿನಲ್ಲಿ ಅವನು ಒಮ್ಮೆಯಾದರೂ ವಿಮಾನದ ಕೋಲನ್ನು ಮುಟ್ಟಿರಲಿಲ್ಲ. ಹಣ ಹೋಯಿತು, ವಿದ್ಯೆ ಬರಲಿಲ್ಲ. ಕಲಿಸುವ ರೀತಿ ಇದಲ್ಲವೆಂಬ ಅಸಮಾಧಾನವು ಅಂದು ಅವನ ಮನಸ್ಸಿನಲ್ಲಿ ಬೇರೂರಿತು.

ಮುಂದೆ ಅವನು ಆರ್ಗನ್ನುಗಳನ್ನು ಕಟ್ಟುತ್ತಲೂ ದುರಸ್ತು ಮಾಡುತ್ತಲೂ ಕಾಲ ಕಳೆದು, ಸಿಕ್ಕಿದ ಹಣವನ್ನೆಲ್ಲ ಹಾರಾಟಕ್ಕೆ ಸುರಿದನು. ಸೆಸ್ನಾ ಕಂಪನಿಯು ಮಾರಿದ ಮೊತ್ತಮೊದಲ ವಿಮಾನವನ್ನು ಕೊಂಡವನು ಅವನೇ. ಊರೂರಿಗೆ ಹೋಗಿ ಜನರನ್ನು ಹತ್ತಿಸಿಕೊಂಡು ಹಾರಿಸಿ, ಹೊಸಬರಿಗೆ ಪಾಠ ಹೇಳಿ ಹೊಟ್ಟೆ ಹೊರೆದನು. ಆಗ ಅವನಿಗೆ ಎರಡು ಸಂಗತಿಗಳು ತಿಳಿದುವು. ಒಂದು, ಹಾರಲು ಕಲಿಯಬೇಕೆಂದು ಬರುವವರಲ್ಲಿ ಬಹುಮಂದಿಯ ಬಳಿ ಅಷ್ಟು ಹಣವಿಲ್ಲ. ಎರಡು, ಕಲಿಯುವವನು ಮಾಡುವ ಮೊದಲ ತಪ್ಪುಗಳು ನೂರಾರು ಅಡಿಗಳ ಎತ್ತರದಲ್ಲಿ ನಡೆಯುತ್ತವೆ. ಅಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಪುರಸತ್ತಿಲ್ಲ. ನೀರಿಗಿಳಿಯದೆ ಈಜು ಬಾರದೆಂದು ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಮಡುವಿಗೆ ಇಳಿಯುವ ಮೊದಲು ಮೊಳಕಾಲುದ್ದದ ನೀರಿನಲ್ಲಿ ಕೈಕಾಲು ಆಡಿಸಿದರೆ ತಪ್ಪೇನು? ಅಂಥ ಮೊಳಕಾಲುದ್ದದ ಆಕಾಶವೊಂದನ್ನು ನಿರ್ಮಿಸಬೇಕೆಂದು ಲಿಂಕನು ಸಂಕಲ್ಪಿಸಿದನು.

1927ರಿಂದ ಸುಮಾರು ಒಂದೂವರೆ ವರ್ಷಗಳ ಕಾಲ ತಂದೆಯ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಈ ಕೆಲಸ ಸಾಗಿತು. ಅವನು ಗಿಡ್ಡ ರೆಕ್ಕೆಗಳಿದ್ದ ಒಂದು ಪುಟ್ಟ ಮರದ ವಿಮಾನವನ್ನು ಮಾಡಿ, ಅದನ್ನು ಎತ್ತೆತ್ತಲೂ ವಾಲಬಲ್ಲ ಒಂದು ಕೀಲಿನ ಮೇಲೆ ನಿಲ್ಲಿಸಿದನು. ಅದರ ಅಡಿಯಲ್ಲಿ ಆರ್ಗನ್ನಿನ ತಿದಿಗಳನ್ನು ಇರಿಸಿ, ವಿದ್ಯುತ್ತಿನಿಂದ ನಡೆಯುವ ಪಂಪಿನಿಂದ ಅವುಗಳ ಗಾಳಿಯನ್ನು ಹೀರುವ ಏರ್ಪಾಡು ಮಾಡಿದನು. ಒಳಗೆ ಕುಳಿತವನು ಕೋಲನ್ನು ಮುಂದಕ್ಕೆ ನೂಕಿದರೆ ಮುಂದಿನ ತಿದಿಯ ಕವಾಟವು ತೆರೆದು, ತಿದಿಯು ಕುಗ್ಗಿ, ವಿಮಾನದ ಮೂತಿಯು ಬಾಗುವುದು. ಪಕ್ಕಕ್ಕೆ ವಾಲಿಸಿದರೆ ಪಕ್ಕದ ತಿದಿ. ಕಾಲಿನಡಿಯ ಮೆಟ್ಟನ್ನು ಒತ್ತಿದರೆ ಇಡೀ ಪೆಟ್ಟಿಗೆಯೇ ತಿರುಗುವುದು. ಸಂಗೀತದ ಯಂತ್ರವು ಹೀಗೆ ಸಾಹಸದ ಯಂತ್ರವಾಯಿತು. 1929ರಲ್ಲಿ ಅವನು ಇದರ ಹಕ್ಕಿಗಾಗಿ ಅರ್ಜಿ ಹಾಕಿದನು. 1931ರಲ್ಲಿ ಅದು ಮಂಜೂರಾಯಿತು.

ಆದರೆ ಲೋಕವು ಇದನ್ನು ಕೈಬೀಸಿ ಕರೆಯಲಿಲ್ಲ. ನೆಲ ಬಿಟ್ಟು ಏಳದ ವಿಮಾನದಿಂದ ಹಾರಾಟ ಬರುವುದೆಂದು ನಂಬುವವರಾರು? ಹಾರಾಟ ಶಾಲೆಗಳು ನಕ್ಕುವು, ಸೇನೆಯವರು ಕಿವಿಗೊಡಲಿಲ್ಲ. ಮೊದಲು ಮಾರಾಟವಾದ ಯಂತ್ರಗಳಲ್ಲಿ ಬಹುಪಾಲು ಜಾತ್ರೆಯಂಥ ವಿನೋದವನಗಳಿಗೆ ಹೋದುವು. ಅಲ್ಲಿ ಮಕ್ಕಳು ಕಾಸು ಹಾಕಿ ಅದರಲ್ಲಿ ಕುಳಿತು ನಲಿದರು. ಅಂದರೆ ಇಂದು ನಾವು ಆಡುವ ಆಟದ ವಿಮಾನವೂ ವೈಮಾನಿಕರ ಶಿಕ್ಷಣದ ಯಂತ್ರವೂ ಒಂದೇ ಬಸಿರಿನಲ್ಲಿ ಹುಟ್ಟಿದ ಅವಳಿಗಳು. ಇದರ ನಡುವೆ ಮಾತನಾಡುವ ಚಲನಚಿತ್ರಗಳು ಬಂದು ಚಿತ್ರಮಂದಿರಗಳ ಆರ್ಗನ್ನುಗಳಿಗೆ ಬೇಡಿಕೆ ಇಳಿಯಿತು. ತಂದೆಯ ವ್ಯಾಪಾರವು ಕುಸಿಯಿತು. ಲಿಂಕನು ಒಂದು ಹಾರಾಟ ಶಾಲೆಯನ್ನು ತೆರೆದು ತನ್ನ ಯಂತ್ರದಿಂದಲೇ ಪಾಠ ಹೇಳಿದನು. ವಿಮಾನದ ರೆಕ್ಕೆಗಳ ಅಡಿಯಲ್ಲಿ ದೀಪಗಳ ಜಾಹೀರಾತನ್ನು ಕಟ್ಟಿ, ರಾತ್ರಿಯ ಹೊತ್ತು ಊರಿನ ಮೇಲೆ ಹಾರಿ ಹಣ ಗಳಿಸಿದನು. 1931ರಲ್ಲಿ ಪತ್ರಿಕೋದ್ಯೋಗಿಯಾಗಿದ್ದ ಮೇರಿಯನ್ ಕ್ಲೇಟನ್ ಎಂಬಾಕೆಯನ್ನು ಮದುವೆಯಾದನು. ಕಷ್ಟದ ಆ ದಿನಗಳಲ್ಲಿ ಕಂಪನಿಯ ಕಾಗದಪತ್ರಗಳ ಹೊರೆಯನ್ನು ಹೊತ್ತವಳು ಆಕೆ.

ಯಂತ್ರದ ನಿಜವಾದ ಬೆಲೆಯು ತಿಳಿಯಲು ಒಂದು ದುರಂತವೇ ಬೇಕಾಯಿತು. 1934ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟನು ಖಾಸಗಿ ಕಂಪನಿಗಳ ವಿಮಾನ ಅಂಚೆಯ ಕರಾರುಗಳನ್ನು ರದ್ದುಮಾಡಿ, ಅಂಚೆ ಸಾಗಿಸುವ ಕೆಲಸವನ್ನು ಸೇನೆಯ ವೈಮಾನಿಕರಿಗೆ ವಹಿಸಿದನು. ಅದು ಕಡು ಚಳಿಗಾಲ; ಮಂಜು, ಹಿಮ, ಕತ್ತಲೆ. ಹಗಲಿನ ತಿಳಿಯಾದ ಬಾನಿನಲ್ಲಿ ಹಾರಿ ಅಭ್ಯಾಸವಿದ್ದ ಆ ತರುಣರಿಗೆ ಉಪಕರಣಗಳನ್ನಷ್ಟೇ ನೋಡಿ ವಿಮಾನ ನಡೆಸುವ ವಿದ್ಯೆ ಸಾಲದಾಗಿತ್ತು. ಕೆಲವೇ ತಿಂಗಳುಗಳಲ್ಲಿ ಹನ್ನೆರಡಕ್ಕೆ ಕಡಮೆಯಿಲ್ಲದಷ್ಟು ಮಂದಿ ಪ್ರಾಣ ತೆತ್ತರು. ದೇಶವೆಲ್ಲ ಹೌಹಾರಿತು.

ಮೋಡದೊಳಗೆ ಹೊಕ್ಕ ವೈಮಾನಿಕನು ಏಕೆ ಸಾಯುತ್ತಾನೆಂಬುದನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮ ಕಿವಿಯ ಒಳಭಾಗದಲ್ಲಿ ಸಮತೋಲವನ್ನು ತಿಳಿಸುವ ಅಂಗವಿದೆ. ಅದರ ನಾಳಗಳಲ್ಲಿ ದ್ರವವಿದೆ. ನಾವು ತಿರುಗತೊಡಗಿದಾಗ ಆ ದ್ರವವು ಹಿಂದುಳಿದು, ತಿರುಗುತ್ತಿದ್ದೇವೆಂದು ಮಿದುಳಿಗೆ ಹೇಳುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ದ್ರವವೂ ಜೊತೆಗೂಡುತ್ತದೆ. ಆಗ ನೆಟ್ಟಗೆ ಹೋಗುತ್ತಿದ್ದೇವೆಂಬ ಭ್ರಮೆ ಮೂಡುತ್ತದೆ. ಹೊರಗೆ ದಿಗಂತವು ಕಾಣುತ್ತಿದ್ದರೆ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ಮೋಡದಲ್ಲಿ ಕಣ್ಣಿಗೆ ಆಧಾರವಿಲ್ಲ. ವೈಮಾನಿಕನು ತನ್ನ ಮೈಯನ್ನು ನಂಬಿ, ಉಪಕರಣವನ್ನು ಸುಳ್ಳೆಂದು ಬಗೆದು, ಸುರುಳಿ ಸುತ್ತುತ್ತ ನೆಲಕ್ಕಿಳಿಯುತ್ತಾನೆ. ಮೈಯ ಮಾತನ್ನು ಬಿಟ್ಟು ಮುಳ್ಳಿನ ಮಾತನ್ನು ನಂಬುವ ಅಭ್ಯಾಸವು ಒಂದು ದಿನದಲ್ಲಿ ಬರುವುದಲ್ಲ. ನಿಜವಾದ ಮೋಡದಲ್ಲಿ ಅದನ್ನು ಕಲಿಯಹೊರಟರೆ ಮೊದಲ ಪಾಠವೇ ಕೊನೆಯ ಪಾಠವಾಗಬಹುದು.

ಲಿಂಕನು ಈ ಹೊತ್ತಿಗಾಗಲೇ ತನ್ನ ಪೆಟ್ಟಿಗೆಗೆ ಮುಚ್ಚಳವನ್ನು ಹಾಕಿ, ಒಳಗೆ ಉಪಕರಣಗಳನ್ನು ಜೋಡಿಸಿದ್ದನು. ಸೇನೆಯ ಅಧಿಕಾರಿಗಳು ಅವನನ್ನು ಕಾಣಲು ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಬಂದರು. ಅಂದು ದಟ್ಟವಾದ ಮಂಜು ಕವಿದಿತ್ತು. ಇಂಥ ಹವೆಯಲ್ಲಿ ಯಾರೂ ಹಾರಿ ಬರಲಾರರೆಂದು ಅವರು ಹಿಂತಿರುಗುವುದರಲ್ಲಿದ್ದಾಗ, ಮಂಜಿನ ಒಡಲಿನಿಂದ ವಿಮಾನದ ಸದ್ದು ಕೇಳಿಸಿತು. ಉಪಕರಣಗಳನ್ನೇ ನೆಚ್ಚಿ ಬಿಂಗ್‌ಹ್ಯಾಮ್ಟನ್ನಿನಿಂದ ಹೊರಟಿದ್ದ ಲಿಂಕನು ಕ್ಷೇಮವಾಗಿ ಇಳಿದನು. ಅವನು ಆಡಬೇಕಾಗಿದ್ದ ಮಾತನ್ನು ಆ ಇಳಿತವೇ ಆಡಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಸೇನೆಯು ಒಂದೊಂದಕ್ಕೆ ಸುಮಾರು 3500 ಡಾಲರುಗಳಂತೆ 6 ಯಂತ್ರಗಳನ್ನು ಕೊಂಡಿತು.

ಲಿಂಕ್ ಟ್ರೈನರ್ ಎಂದು ಹೆಸರಾದ ಈ ಯಂತ್ರಕ್ಕೆ ಅದರ ಬಣ್ಣದಿಂದ ನೀಲಿ ಪೆಟ್ಟಿಗೆಯೆಂಬ ಅಡ್ಡಹೆಸರೂ ಬಂದಿತು. ಶಿಷ್ಯನು ಕತ್ತಲೆಯ ಪೆಟ್ಟಿಗೆಯಲ್ಲಿ ಕುಳಿತು ಮುಳ್ಳುಗಳನ್ನು ನೋಡುತ್ತ ಹಾರುತ್ತಿದ್ದನು. ಗುರುವು ಹೊರಗಡೆ ಮೇಜಿನ ಬಳಿ ಕುಳಿತು ರೇಡಿಯೋ ಸಂಕೇತಗಳನ್ನು ಕಳುಹಿಸುತ್ತಿದ್ದನು. ಮೇಜಿನ ಮೇಲೆ ಹಾಸಿದ ನಕ್ಷೆಯಲ್ಲಿ ಮೂರು ಗಾಲಿಗಳ ಒಂದು ಪುಟ್ಟ ಸಾಧನವು ಏಡಿಯಂತೆ ಹರಿದಾಡಿ, ಶಿಷ್ಯನು ಹಾರಿದ ದಾರಿಯನ್ನು ಮಸಿಯಿಂದ ಬರೆಯುತ್ತಿತ್ತು. ಪಾಠ ಮುಗಿದು ಹೊರಬಂದ ತರುಣನು, ತಾನು ಯಾವ ಬೆಟ್ಟಕ್ಕೆ ಡಿಕ್ಕಿ ಹೊಡೆದು ಸತ್ತೆನೆಂಬುದನ್ನು ಕಾಗದದ ಮೇಲೆ ನೋಡಿ ನಾಚಿ, ಮರುದಿನ ಮತ್ತೆ ಕುಳಿತುಕೊಳ್ಳುತ್ತಿದ್ದನು. ಸತ್ತವನು ಎದ್ದುಬಂದು ಪಾಠ ಕಲಿಯುವ ಶಾಲೆ ಜಗತ್ತಿನಲ್ಲಿ ಅದೊಂದೇ ಇದ್ದಿರಬೇಕು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಇಂಥ 10,000ಕ್ಕೂ ಹೆಚ್ಚು ಯಂತ್ರಗಳು ತಯಾರಾದುವು. ಅಮೆರಿಕವೊಂದರಲ್ಲಿಯೇ ಐದು ಲಕ್ಷಕ್ಕೂ ಹೆಚ್ಚು ಮಂದಿ ಅವುಗಳಲ್ಲಿ ಶಿಕ್ಷಣ ಪಡೆದರೆಂದು ಲೆಕ್ಕ. ಬಾಂಬರ್ ವಿಮಾನಗಳ ತಂಡಕ್ಕೆ ನಕ್ಷತ್ರಗಳನ್ನು ನೋಡಿ ದಾರಿ ಹಿಡಿಯುವುದನ್ನು ಕಲಿಸಲು ಲಿಂಕನು 45 ಅಡಿ ಎತ್ತರದ ಗೋಪುರದಂಥ ಕಟ್ಟಡದಲ್ಲಿ ಕೃತಕ ನಕ್ಷತ್ರಗಳು ಚಲಿಸುವ ಆಕಾಶವನ್ನೇ ನಿರ್ಮಿಸಿದನು. ಯುದ್ಧಕ್ಕೆ ಮೊದಲು ಜಪಾನ್ ಮತ್ತು ಜರ್ಮನಿಗಳೂ ಅವನ ಯಂತ್ರಗಳನ್ನು ಕೊಂಡಿದ್ದುವೆಂಬುದು ಚರಿತ್ರೆಯ ವಿಡಂಬನೆ. ಭಾರತೀಯ ವಾಯುಸೇನೆಯ ಶಿಕ್ಷಣದಲ್ಲಿಯೂ ಲಿಂಕ್ ಟ್ರೈನರ್ ಬಳಕೆಯಾಯಿತು. ಆ ಯುದ್ಧಕಾಲದಲ್ಲಿ ನಮ್ಮ ಬೇಗಂಪೇಟೆಯಲ್ಲಿ ವಾಯುಸೇನೆಯ ಪ್ರಾಥಮಿಕ ಹಾರಾಟ ಶಾಲೆಯೊಂದು ನಡೆಯುತ್ತಿತ್ತು. ಒಂದರ ಮೇಲೊಂದು ರೆಕ್ಕೆಯಿದ್ದ ಟೈಗರ್ ಮಾತ್ ವಿಮಾನಗಳಲ್ಲಿ ನಾಡಿನ ನಾನಾ ಭಾಗಗಳ ತರುಣರು ಇಲ್ಲಿಯ ಬಾನಿನಲ್ಲಿ ಮೊದಲ ಸುತ್ತು ಹಾರಿದರು. ಬಳಿಕ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯೂ ತನ್ನ ವೈಮಾನಿಕರ ಕೇಂದ್ರ ಶಿಕ್ಷಣಾಲಯವನ್ನು ಹೈದರಾಬಾದಿನಲ್ಲಿಯೇ ಬಹುಕಾಲ ನಡೆಸಿತು. ನಗರದ ಹೊರವಲಯದ ದುಂಡಿಗಲ್ಲಿನಲ್ಲಿ ಇಂದಿಗೂ ವಾಯುಸೇನೆಯ ಅಕಾಡೆಮಿಯಿದೆ. ಲಿಂಕನ ಕಥೆಯು ದೂರ ದೇಶದ್ದಾದರೂ ಅದರ ಪ್ರಯೋಜನವು ನಮ್ಮ ಬಾಗಿಲಿಗೂ ಬಂದಿತೆನ್ನಲು ಇಷ್ಟು ಸಾಕು.

ಆದರೂ ನೀಲಿ ಪೆಟ್ಟಿಗೆಯು ದೋಷವಿಲ್ಲದ್ದಾಗಿರಲಿಲ್ಲ. ನಿಜವಾದ ವಿಮಾನದಲ್ಲಿ ಒಂದು ಅಂಗದ ಕೆಲಸವು ಮತ್ತೊಂದನ್ನು ತಟ್ಟದೆ ಬಿಡುವುದಿಲ್ಲ. ಚುಕ್ಕಾಣಿಯನ್ನು ತಿರುಗಿಸಿದರೆ ರೆಕ್ಕೆಯೂ ವಾಲುತ್ತದೆ. ಮೊದಲ ಯಂತ್ರದಲ್ಲಿ ಪ್ರತಿಯೊಂದು ಚಲನೆಯೂ ತನ್ನಷ್ಟಕ್ಕೆ ತಾನು ನಡೆಯುತ್ತಿತ್ತು. ಅದರ ವರ್ತನೆಯನ್ನು ನಿರ್ಧರಿಸಿದ್ದು ಗಣಿತವಲ್ಲ, ಕಟ್ಟಿದವನ ಕೈಯ ಅನುಭವ. ಮುಂದೆ ವಿದ್ಯುತ್ ಗಣಕಗಳು ಬಂದ ಮೇಲೆ ವಿಮಾನದ ಮೇಲೆ ಬೀಳುವ ಬಲಗಳನ್ನು ಸಮೀಕರಣಗಳಿಂದ ಕ್ಷಣಕ್ಷಣಕ್ಕೂ ಲೆಕ್ಕಹಾಕುವುದು ಸಾಧ್ಯವಾಯಿತು. ಲಿಂಕನ ಹೆಸರಿನ ಸಂಸ್ಥೆಯೇ ಚಂದ್ರನಲ್ಲಿಗೆ ಹೊರಟ ಅಪೊಲೊ ಯಾತ್ರಿಕರ ಅಭ್ಯಾಸಕ್ಕೂ ಯಂತ್ರಗಳನ್ನು ಕಟ್ಟಿಕೊಟ್ಟಿತು. ಇಂದು ದೊಡ್ಡ ವಿಮಾನಗಳ ಸಿಮ್ಯುಲೇಟರನ್ನು ಒಪ್ಪಿಕೊಳ್ಳುವ ಮುನ್ನ, ನಿಜವಾದ ವಿಮಾನವನ್ನು ಹಾರಿಸಿ ಪಡೆದ ಅಳತೆಗಳೊಡನೆ ಅದರ ನಡತೆಯನ್ನು ಹೋಲಿಸಿ ನೋಡುತ್ತಾರೆ. ಅನುಕರಣೆಯು ಸತ್ಯದ ಮುಂದೆ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ.

ನಮ್ಮ ಆಟದ ವಿಮಾನವು ಕಠಿಣದ ಕ್ರಮದಲ್ಲಿ ಬೀಳುವುದರ ಕಾರಣವೂ ಈ ಸಮೀಕರಣಗಳಲ್ಲಿಯೇ ಇದೆ. ರೆಕ್ಕೆಯನ್ನು ಎತ್ತುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗವು ಅರ್ಧವಾದರೆ ಬಲವು ಕಾಲುಭಾಗಕ್ಕಿಳಿಯುತ್ತದೆ. ಎದುರು ಗಾಳಿಗೆ ರೆಕ್ಕೆಯನ್ನು ಹೆಚ್ಚು ಓರೆ ಮಾಡಿ ಈ ಕೊರತೆಯನ್ನು ತುಂಬಬಹುದು. ಆದರೆ ಸಾಮಾನ್ಯ ರೆಕ್ಕೆಯಲ್ಲಿ ಈ ಓರೆಯು ಸುಮಾರು 15 ಡಿಗ್ರಿಗಳನ್ನು ಮೀರಿದರೆ ಗಾಳಿಯು ರೆಕ್ಕೆಯ ಬೆನ್ನನ್ನು ಬಿಟ್ಟು ಚೆದುರುತ್ತದೆ, ಎತ್ತುವ ಬಲವು ಥಟ್ಟನೆ ಕುಸಿಯುತ್ತದೆ. ಇದಕ್ಕೇ ಸ್ಟಾಲ್ ಎನ್ನುತ್ತಾರೆ. 60 ಡಿಗ್ರಿ ವಾಲಿಸಿ ಎತ್ತರ ಬಿಡದೆ ತಿರುಗುವ ವಿಮಾನವು ತನ್ನ ತೂಕದ ಇಮ್ಮಡಿಯನ್ನು ಹೊರಬೇಕಾಗುವುದರಿಂದ, ನೆಟ್ಟಗೆ ಹಾರುವಾಗ ಗಂಟೆಗೆ 100 ಕಿಲೋಮೀಟರಿನಲ್ಲಿ ಬೀಳುವಂಥದು ಆಗ 141 ಕಿಲೋಮೀಟರಿನಲ್ಲಿಯೇ ಬೀಳುತ್ತದೆ. ಸುಲಭದ ಆಟವು ಇದನ್ನು ಮರೆಮಾಚುತ್ತದೆ. ಕಠಿಣದ ಆಟವು ಹೇಳುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನವನ್ನು ಚುರುಕಾಗಿ ತಿರುಗಲೆಂದು ಬೇಕೆಂದೇ ಅಸ್ಥಿರವಾಗಿ ರಚಿಸಿದರು. ಗಣಕದ ನೆರವಿಲ್ಲದೆ ಅದನ್ನು ನಡೆಸಲಾಗದು. 2001ನೆಯ ಇಸವಿ ಜನವರಿ 4ರಂದು ಅದು ಮೊದಲ ಬಾರಿಗೆ ನೆಲ ಬಿಡುವ ಮೊದಲು ವೈಮಾನಿಕರು ಅಲ್ಲಿಯ ಸಿಮ್ಯುಲೇಟರುಗಳಲ್ಲಿ ಅದನ್ನು ಎಷ್ಟೋ ಸಲ ಹಾರಿಸಿ ನೋಡಿದ್ದರು. ಅಲ್ಲಿಯ ಲೆಕ್ಕವು ಮುಖಸ್ತುತಿಯ ಲೆಕ್ಕವಾಗಿದ್ದರೆ ಗತಿಯೇನು?

ಈಗ ಲಿಂಕನ ಉತ್ತರ ವಯಸ್ಸಿಗೆ ಬರೋಣ. 1954ರಲ್ಲಿ ಅವನ ಕಂಪನಿಯು ಮತ್ತೊಂದು ಸಂಸ್ಥೆಯಲ್ಲಿ ಸೇರಿತು. ಹಣವಿತ್ತು, ಕೀರ್ತಿಯಿತ್ತು. ಆದರೂ ಸುಮ್ಮನೆ ಕುಳಿತುಕೊಳ್ಳದೆ ಅವನು ಆಕಾಶವನ್ನು ಬಿಟ್ಟು ಸಮುದ್ರದ ಕಡೆಗೆ ತಿರುಗಿದನು. ಮನುಷ್ಯನು ಸಮುದ್ರದ ಆಳದಲ್ಲಿ ದಿನಗಟ್ಟಲೆ ಇರಲು ಬೇಕಾದ ಉರುಳೆಯಾಕಾರದ ಕೋಣೆಯನ್ನು ರಚಿಸಿ, 1962ರಲ್ಲಿ ಮೊದಲು ತಾನೇ ಅದರಲ್ಲಿ ಇಳಿದು ಪರೀಕ್ಷಿಸಿದನು. ಅದೇ ವರ್ಷ ಫ್ರಾನ್ಸಿನ ಕರಾವಳಿಯಲ್ಲಿ ಬೆಲ್ಜಿಯಮ್ಮಿನ ರಾಬರ್ಟ್ ಸ್ತೆನ್ಯುಯಿ ಎಂಬ ಸಾಹಸಿಯು ಅದರ ಸಹಾಯದಿಂದ 200 ಅಡಿಗಳ ಆಳದಲ್ಲಿ ಒಂದು ಹಗಲಿರುಳನ್ನು ಕಳೆದನು. 1971ರಲ್ಲಿ ಜಾನ್ಸನ್ ಸೀ ಲಿಂಕ್ ಎಂಬ ಪುಟ್ಟ ಜಲಾಂತರ್ಗಾಮಿಯು ಸಿದ್ಧವಾಯಿತು. ಅದರ ಮುಂಭಾಗವು ಪಾರದರ್ಶಕವಾದ ಗೋಳ. ಹಿಂಭಾಗವು ಮುಳುಗುಗಾರರಿಗಾಗಿ ಅಲ್ಯುಮಿನಿಯಮ್ಮಿನಿಂದ ಮಾಡಿದ ಕೋಣೆ.

1973ರ ಜೂನ್ ತಿಂಗಳಲ್ಲಿ, ಫ್ಲಾರಿಡಾದ ಕೀ ವೆಸ್ಟ್ ಬಳಿ, ಈ ನೌಕೆಯು ಸುಮಾರು 110 ಮೀಟರುಗಳ ಆಳದಲ್ಲಿ ಮುಳುಗಿದ್ದ ಹಳೆಯ ಹಡಗೊಂದರ ಅವಶೇಷಗಳಲ್ಲಿ ಸಿಕ್ಕಿಹಾಕಿಕೊಂಡಿತು. ಒಳಗೆ ನಾಲ್ವರಿದ್ದರು. ಹಿಂದಿನ ಕೋಣೆಯಲ್ಲಿದ್ದ ಇಬ್ಬರಲ್ಲಿ ಒಬ್ಬನು ಲಿಂಕನ ಮಗ ಕ್ಲೇಟನ್. ಇನ್ನೊಬ್ಬನು ಆಲ್ಬರ್ಟ್ ಸ್ಟೋವರ್. ಒಂದು ದಿನಕ್ಕೂ ಹೆಚ್ಚು ಕಾಲ ನಡೆದ ಯತ್ನದ ಬಳಿಕ ನೌಕೆಯು ಮೇಲಕ್ಕೆ ಬಂದಾಗ ಮುಂದಿನ ಗೋಳದಲ್ಲಿದ್ದ ಇಬ್ಬರು ಮಾತ್ರ ಬದುಕಿದ್ದರು. ಉಸಿರಿನ ಇಂಗಾಲಾಮ್ಲವನ್ನು ಹೀರಿಕೊಳ್ಳಬೇಕಾಗಿದ್ದ ರಾಸಾಯನಿಕವು ಚಳಿಯಲ್ಲಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಲೋಹದ ಕೋಣೆಯು ಸಮುದ್ರದ ಚಳಿಯನ್ನು ಬಹುಬೇಗ ಒಳಗೆ ಬಿಟ್ಟುಕೊಂಡಿತ್ತು. ಲೆಕ್ಕದಲ್ಲಿ ಸಾಲದೆ ಹೋದುದು ಒಂದೇ ಒಂದು ಸಂಗತಿ. ಪ್ರಕೃತಿಯು ಅದನ್ನು ಕ್ಷಮಿಸಲಿಲ್ಲ.

ಸಾವಿರಾರು ತಂದೆತಾಯಿಗಳ ಮಕ್ಕಳನ್ನು ಉಳಿಸಲು ನೆರವಾದವನು ತನ್ನ ನೌಕೆಯಲ್ಲಿಯೇ ತನ್ನ ಮಗನನ್ನು ಕಳೆದುಕೊಂಡನು. ಇದಕ್ಕಿಂತ ದೊಡ್ಡ ದುಃಖವು ಶಿಲ್ಪಿಯೊಬ್ಬನಿಗೆ ಬರಲಾರದು. ಆಗ ಅವನ ವಯಸ್ಸು ಅರುವತ್ತೆಂಟು ತುಂಬಿ ಅರುವತ್ತೊಂಬತ್ತಕ್ಕೆ ಹತ್ತಿರವಾಗಿತ್ತು. ಎಲ್ಲವನ್ನೂ ತೊರೆದು ಕುಳಿತಿದ್ದರೂ ಲೋಕವು ತಪ್ಪೆನ್ನುತ್ತಿರಲಿಲ್ಲ. ಆದರೆ ಲಿಂಕನು ಮತ್ತೆ ನಕ್ಷೆಯ ಹಲಗೆಯ ಮುಂದೆ ಕುಳಿತನು. ಸಮುದ್ರದ ತಳದಲ್ಲಿ ಸಿಲುಕಿದ ನೌಕೆಗಳನ್ನು ಹುಡುಕಿ ಬಿಡಿಸಲು, ಮನುಷ್ಯನನ್ನು ಒಳಗೆ ಕೂರಿಸದೆ ಮೇಲಿನ ಹಡಗಿನಿಂದ ಕೇಬಲಿನ ಮೂಲಕ ನಡೆಸಬಹುದಾದ ಒಂದು ಯಂತ್ರವನ್ನು ರಚಿಸಿದನು. ಮಗನಿಗೆ ಒದಗದ ಸಹಾಯವು ಇನ್ನೊಬ್ಬರ ಮಗನಿಗಾದರೂ ಒದಗಲೆಂಬುದೇ ಆ ದುಡಿಮೆಯ ಅರ್ಥವಾಗಿರಬೇಕು. 1981ನೆಯ ಇಸವಿ ಸೆಪ್ಟೆಂಬರ್ 7ರಂದು ಬಿಂಗ್‌ಹ್ಯಾಮ್ಟನ್ನಿನಲ್ಲಿ ಅವನು ಕಣ್ಣುಮುಚ್ಚಿದನು.

ಸಹಪಾಠಿಗಳೇ, ಲಿಂಕನು ಮಹಾಪಂಡಿತನಾಗಿರಲಿಲ್ಲ. ತಿದಿ, ಕವಾಟ, ಮರದ ಹಲಗೆಗಳೇ ಅವನ ಮೊದಲ ಸಾಮಗ್ರಿ. ಆದರೆ ತಪ್ಪು ಮಾಡಲು ಒಂದು ಕ್ಷೇಮವಾದ ಸ್ಥಳವನ್ನು ಅವನು ಮನುಷ್ಯನಿಗೆ ಕೊಟ್ಟನು. ಆ ಸ್ಥಳದಲ್ಲಿ ಸುಳ್ಳು ಹೇಳಬಾರದೆಂಬುದನ್ನೂ ತೋರಿಸಿದನು. ಕ್ಷೇಮವೂ ಸತ್ಯವೂ ಕೂಡಿದಲ್ಲಿ ಮಾತ್ರ ಕಲಿಕೆಯಿದೆ. ನಮ್ಮ ಶಾಲೆಯ ಕಿರುಪರೀಕ್ಷೆಗಳೂ ಒಂದು ಬಗೆಯ ನೀಲಿ ಪೆಟ್ಟಿಗೆಗಳೇ. ಅವುಗಳಲ್ಲಿ ಕೆಂಪು ಮಸಿಯ ಗುರುತನ್ನು ಕಂಡು ಮುನಿಯುವ ಅಗತ್ಯವಿಲ್ಲ. ಮುಂದಿನ ಸಲ ಆಟದ ವಿಮಾನವು ನಡುಗಿ ನೆಲಕ್ಕೆ ಬಿದ್ದಾಗ ಕೂಡಲೇ ಸುಲಭದ ಕ್ರಮಕ್ಕೆ ತಿರುಗಿಸದೆ, ಕೋಲನ್ನು ಎಷ್ಟು ಎಳೆದೆವು, ವೇಗವು ಎಷ್ಟಿತ್ತು, ರೆಕ್ಕೆ ಎಷ್ಟು ವಾಲಿತ್ತು ಎಂದು ನಮ್ಮನ್ನು ನಾವೇ ಕೇಳಿಕೊಂಡು ನೋಡೋಣ. ಬಿದ್ದ ಕಾರಣವನ್ನು ಅರಿತವನಿಗೆ ಆ ಬೀಳುವಿಕೆಯೂ ಒಂದು ಪಾಠ.